ಇಮ್ಮಡಿಯಾಗುವ ಕಾಳು, ಕೊಟ್ಟ ಮಾತು

ಚದುರಂಗದ ಹಲಗೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿ ಮಾಡುತ್ತ 64 ಮನೆಗಳನ್ನೂ ತುಂಬಿಸಿಕೊಡಬೇಕು. ಆಟವನ್ನು ಕಂಡುಹಿಡಿದ ಸಿಸ್ಸಾ ಭಾರತದ ರಾಜನೊಬ್ಬನಲ್ಲಿ ಬೇಡಿದ ಬಹುಮಾನ ಇದು ಎಂದು 13ನೇ ಶತಮಾನದ ಇಬ್ನ್ ಖಲ್ಲಿಕಾನ್ ಬರೆದಿದ್ದಾನೆ. ರಾಜನಿಗೆ ಅದು ತೀರಾ ಅಲ್ಪವೆನಿಸಿತು. ಲೆಕ್ಕ ಹಾಕಿದರೆ ಬೇಕಾದ ಕಾಳು 18,446,744,073,709,551,615. ಕಾಳೊಂದಕ್ಕೆ 25 ಮಿಲಿಗ್ರಾಂ ಎಂದು ಹಿಡಿದರೆ 46,000 ಕೋಟಿ ಟನ್ನಿಗೂ ಹೆಚ್ಚು. ಮೊದಲ 32 ಮನೆಗಳಿಗೆ ಸಾಲುವುದು ಸುಮಾರು 107 ಟನ್. ಅಷ್ಟನ್ನು ಅರಮನೆಯ ಕಣಜ ಕೊಟ್ಟೀತು. ರಾಜನ ಪಾಡು ನಗೆ ತರಿಸುವುದು ಉಳಿದರ್ಧದಲ್ಲಿ.

ಆ ನಗೆಯ ಒಳಗೆ ಧರ್ಮದ ಪ್ರಶ್ನೆಯೊಂದಿದೆ: ಪೂರ್ತಿ ಅರ್ಥವಾಗದೆ ಕೊಟ್ಟ ಮಾತಿಗೆ ಮನುಷ್ಯ ಎಷ್ಟು ಬದ್ಧ? ‘ಮೊದಲ ಮನೆಗೆ ಒಂದು, ಎರಡನೆಯದಕ್ಕೆ ಎರಡು, ಮುಂದಕ್ಕೂ ಹೀಗೇ’ ಎಂದಷ್ಟೇ ಕೇಳಿದ್ದರೆ ಮೂರನೆಯ ಮನೆಗೆ ಮೂರೂ ಸರಿ, ನಾಲ್ಕೂ ಸರಿ. ಮೂರೆಂದರೆ ಒಟ್ಟು 2,080 ಕಾಳು, ಒಂದು ಹಿಡಿ ಧಾನ್ಯ. ಅಂಥ ಇಬ್ಬಗೆಯ ಮಾತನ್ನು ಹಿಡಿದು ಸಾಲ ವಸೂಲು ಮಾಡಿದ್ದರೆ ಅದು ಮೋಸವೇ. ಸಿಸ್ಸಾ ಮಾತ್ರ ಇಮ್ಮಡಿ ಎಂದು ಬಿಡಿಸಿ ಹೇಳಿದ್ದ. ಗುಣಿಸಿ ನೋಡುವ ತಾಳ್ಮೆ ರಾಜನಿಗೆ ಇರಲಿಲ್ಲ, ಅಷ್ಟೆ.

ವಾಮನನ ಕಥೆ ಇನ್ನೂ ಕಠಿಣ. ಭಾಗವತದ ಎಂಟನೆಯ ಸ್ಕಂಧದಲ್ಲಿ ಅವನು ಬಲಿ ಚಕ್ರವರ್ತಿಯನ್ನು ಬೇಡುವುದು ತನ್ನ ಪಾದದ ಅಳತೆಯ ಮೂರು ಹೆಜ್ಜೆ ನೆಲ. ದಾನವಾದ ಮೇಲೆ ಮಾತು ಬದಲಾಗುವುದಿಲ್ಲ, ಪಾದ ಬೆಳೆಯುತ್ತದೆ. ಕೇಳಿದವನು ಯಾರೆಂಬ ನಿಜವನ್ನು ಬೇಡಿಕೆ ಮುಚ್ಚಿಟ್ಟಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಹಾಗಿದ್ದೂ ಬಲಿ ಮೋಸಹೋದವನಲ್ಲ. ಬಂದವನು ವಿಷ್ಣುವೆಂದು ಶುಕ್ರಾಚಾರ್ಯ ಮೊದಲೇ ಎಚ್ಚರಿಸಿದ್ದ. ತಿಳಿದೂ ಬಲಿ ನೀರೆರೆದು ಕೊಟ್ಟ. ಸಿಸ್ಸಾನ ರಾಜ ಅಜ್ಞಾನದಿಂದ ಸಿಕ್ಕಿಕೊಂಡರೆ ಬಲಿ ಅರಿವಿನಿಂದಲೇ ಒಪ್ಪಿಕೊಂಡ. ಹಾಗಾಗಿಯೇ ರಾಜನನ್ನು ಕಂಡು ನಕ್ಕ ಜನ ಬಲಿಪಾಡ್ಯಮಿಯಂದು ಬಲೀಂದ್ರನನ್ನು ಪೂಜಿಸುತ್ತಾರೆ.

ತೀರಿಸಲಾಗದ ಮಾತಿನ ಗತಿಯೇನು? ಕೇರಳದ ಅಂಬಲಪ್ಪುಳ ಕೃಷ್ಣ ದೇವಾಲಯದ ಐತಿಹ್ಯ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಋಷಿಯ ವೇಷದಲ್ಲಿ ಬಂದು ರಾಜನೊಡನೆ ಚದುರಂಗವಾಡಿ ಗೆದ್ದವನು ಕೃಷ್ಣ. ಪಣ ಇದೇ ಇಮ್ಮಡಿಯ ಅಕ್ಕಿ. ಕಣಜ ಬರಿದಾಗುವುದನ್ನು ಕಂಡು ಅವನು ನಿಜರೂಪ ತೋರಿದ, ಸಾಲವನ್ನು ಒಮ್ಮೆಲೇ ಕೇಳದೆ ಭಕ್ತರಿಗೆ ನಿತ್ಯ ಪಾಲ್ಪಾಯಸ ಹಂಚಿ ತೀರಿಸಲು ಹೇಳಿದ. ಮಾತು ಮನ್ನಾ ಆಗಲಿಲ್ಲ, ರಾಜ್ಯವೂ ಹಾಳಾಗಲಿಲ್ಲ. ಲೆಕ್ಕದಲ್ಲಿ ಎಂದೂ ಮುಗಿಯದ ಸಾಲ ಅಲ್ಲಿ ದಿನನಿತ್ಯದ ನೈವೇದ್ಯವಾಗಿದೆ.