ಮಂಡಿನೋವಿಗೆ ಸಾಕ್ಷಿ ಯಾರು?

ಸೈನಿಕನ ಗಾಯವೆಂದ ಕೂಡಲೇ ನಮಗೆ ನೆನಪಾಗುವುದು ಗುಂಡೇಟು. ಆದರೆ ಸೇನೆಯಲ್ಲಿ ದೇಹ ಸವೆಯುವುದು ಯುದ್ಧದಲ್ಲಿ ಮಾತ್ರವಲ್ಲ. ಬೆನ್ನಿಗೆ ಭಾರ ಹೊತ್ತು ಓಡುವಾಗ, ಬೆಟ್ಟ ಇಳಿಯುವಾಗ, ಎತ್ತರದಿಂದ ಜಿಗಿಯುವಾಗ ಆ ಪೆಟ್ಟನ್ನೆಲ್ಲ ತಾಳಿಕೊಳ್ಳುವುದು ಮಂಡಿ. ಒಳಗಿನ ಮೃದ್ವಸ್ಥಿ ಹರಿದರೂ ಹೊರಗೆ ಏನೂ ಕಾಣಿಸದಿರಬಹುದು.

ಇಂಥ ಸೈನಿಕ ಅಂಗವೈಕಲ್ಯ ಪಿಂಚಣಿ ಕೇಳಿದಾಗ ವೈದ್ಯಕೀಯ ಮಂಡಳಿ ಮುಖ್ಯವಾಗಿ ಎರಡು ಸಂಗತಿಗಳನ್ನು ನೋಡುತ್ತದೆ. ನೋವು ಸೇವೆಯಿಂದ ಬಂದದ್ದೇ, ಇಲ್ಲವೇ ಸೇವೆಯಿಂದ ಹೆಚ್ಚಾದದ್ದೇ? ನ್ಯೂನತೆ ಎಷ್ಟು? ಉತ್ತರಕ್ಕೆ ದಾಖಲೆ ಬೇಕು. ಕಷ್ಟ ಶುರುವಾಗುವುದು ಇಲ್ಲೇ. ಹಲ್ಲು ಕಚ್ಚಿ ನೋವು ನುಂಗಿ ಸಾಲಿನಲ್ಲಿ ನಿಂತವನ ಹೆಸರು ಆಸ್ಪತ್ರೆಯ ಪುಸ್ತಕದಲ್ಲಿ ಇರುವುದಿಲ್ಲ. ಅಂದು ಮೆಚ್ಚುಗೆ ಗಳಿಸಿದ ಮೌನವೇ ಇಂದು ಅವನಿಗೆ ವಿರುದ್ಧ ಸಾಕ್ಷಿ. ಇದು ನ್ಯಾಯವೇ?

2013ರಲ್ಲಿ ಧರಮ್‌ವೀರ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1982ರ ನಿಯಮಗಳನ್ನು ವಿವರಿಸಿ ಇದಕ್ಕೆ ದಾರಿ ತೋರಿಸಿತು. ಆ ಸೈನಿಕನದು ಮಂಡಿನೋವಲ್ಲ, ಮೂರ್ಛೆರೋಗ. ಸೇರುವಾಗ ಆರೋಗ್ಯವಂತನೆಂದು ಬರೆದುಕೊಂಡ ಮೇಲೆ ಅನಂತರದ ಕಾಯಿಲೆ ಸೇವೆಯಿಂದಲೇ ಬಂದಿತೆಂದು ಭಾವಿಸಬೇಕು; ಅಲ್ಲವೆನ್ನುವವರು ಕಾರಣ ತೋರಿಸಬೇಕು; ಸಂಶಯದ ಲಾಭ ಸೈನಿಕನಿಗೆ ಸಲ್ಲಬೇಕು. ಇದಕ್ಕೆ ಮಿತಿಯೂ ಉಂಟು. ರಜೆಯಲ್ಲಿ ಸಹೋದರಿಯ ಮನೆಯ ಮೆಟ್ಟಿಲಿನಿಂದ ಬಿದ್ದವನ ಕೋರಿಕೆಯನ್ನು ಅದೇ ನ್ಯಾಯಾಲಯ 2015ರಲ್ಲಿ ಒಪ್ಪಲಿಲ್ಲ. ಆ ಗಾಯಕ್ಕೂ ಸೇವೆಗೂ ಸಂಬಂಧವಿರಲಿಲ್ಲ. 2023ರಲ್ಲಿ ಹೊಸ ನಿಯಮಗಳು ಬಂದಿವೆ. ನಿಯಮ ಬದಲಾದರೂ ನೈತಿಕ ಪ್ರಶ್ನೆ ಬದಲಾಗುವುದಿಲ್ಲ.

ಆಜ್ಞೆ ಕೊಟ್ಟವರ ಕೈಯಲ್ಲೇ ದಾಖಲೆಯೂ ಇರುವಾಗ, ರುಜುವಾತಿನ ಹೊರೆಯನ್ನು ಆಜ್ಞೆ ಪಾಲಿಸಿದವನ ಮೇಲೆ ಹೊರಿಸುವುದು ಸರಿಯಲ್ಲ. ಪಿಂಚಣಿ ಭಿಕ್ಷೆಯಲ್ಲ, ಸಲ್ಲಬೇಕಾದ ಋಣ. ಆದರೆ ನಂಬಿಕೆ ಇಬ್ಬರನ್ನೂ ಕಟ್ಟಿಹಾಕುತ್ತದೆ. "ಎಲ್ಲರೂ ಬರೆಸಿಕೊಳ್ಳುತ್ತಾರೆ, ನಾನೂ ಬರೆಸಿದರೇನು?" ಎಂದು ಇಲ್ಲದ ನೋವನ್ನು ಹೇಳುವವನು ಖಜಾನೆಯಿಂದ ಮಾತ್ರ ಕದಿಯುವುದಿಲ್ಲ, ತನ್ನ ಹಿಂದೆ ನಿಜವಾಗಿ ಕುಂಟುತ್ತ ಬರುವವನ ಮಾತಿನ ಬೆಲೆಯನ್ನೂ ಕದಿಯುತ್ತಾನೆ. ಸುಳ್ಳು ಸಾಕ್ಷಿ ಪಾಪವಾಗುವುದು ಹೀಗೆ.

ಇದ್ದ ನೋವನ್ನು ಸ್ವಾಭಿಮಾನದಿಂದ ಮುಚ್ಚಿಡುವುದೂ ಪೂರ್ಣ ಸತ್ಯವಲ್ಲ. ಅದರ ಬೆಲೆ ತೆರುವವರು ಹೆಂಡತಿ ಮಕ್ಕಳು. ಬಲಿಪೂಜೆಯಲ್ಲಿ ಎಲ್ಲರೂ ಮಂಡಿಯೂರಿದಾಗ ಕುಳಿತೇ ಇರುವವರನ್ನು ಕಂಡು ತೀರ್ಪು ಕೊಡುವ ಆತುರ ನಮಗೂ ಬೇಡ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಅಥವಾ ಧರ್ಮಕೇಂದ್ರದಲ್ಲಿ ಇಂಥವರಿದ್ದರೆ ಹಳೆಯ ಕಾಗದಗಳನ್ನು ಹುಡುಕಲು, ಅರ್ಜಿ ಬರೆಯಲು ನೆರವಾಗಿರಿ. ಇದ್ದದ್ದನ್ನು ಇದ್ದಷ್ಟೇ ಬರೆಯಲಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.