ಇಂದಿನ ಧಮ್ಮ ಚಿಂತನೆ: ಅರ್ಧಕ್ಕೆ ನಿಂತ ಕಾರು



ಇವತ್ತಿನ ವಿಷಯ *ವಿರಿಯ*. ಅಷ್ಟಾಂಗ ಮಾರ್ಗದಲ್ಲಿ ಸಮ್ಮಾ ವಾಯಾಮ ಎಂದು ಓದುತ್ತೇವಲ್ಲ, ಏಳು ಬೋಜ್ಝಂಗಗಳಲ್ಲಿ ಮೂರನೆಯದಾಗಿ ಬರುತ್ತದಲ್ಲ, ಅದೇ. ಪ್ರಯತ್ನ ಅನ್ನಿ, ಉತ್ಸಾಹ ಅನ್ನಿ. ಇದನ್ನು ಇವತ್ತು ಒಂದು ಪ್ಲಾಸ್ಟಿಕ್ ಕಾರಿನ ಮೂಲಕ ನೋಡೋಣ. ನಗಬೇಡಿ. ನಮ್ಮ ಕೂಟದ ಒಂದಿಬ್ಬರು ತಮ್ಮಂದಿರು ಬಿಡುವಿನಲ್ಲಿ ಸ್ಕೇಲ್ ಮಾಡೆಲ್ ಕಾರುಗಳನ್ನು ಕಟ್ಟುತ್ತಾರೆ. ಅವರಲ್ಲಿ ಒಬ್ಬರು ಕೇಳಿದ್ದು ಇಷ್ಟು: "ಅಣ್ಣಾ, ಕಿಟ್ ತಂದ ದಿನ ಇರುವ ಹುಮ್ಮಸ್ಸು ಡೆಕಾಲ್ ಹಚ್ಚುವ ಹೊತ್ತಿಗೆ ಇರೋದಿಲ್ಲ. ಮೂರು ಕಾರು ಅರ್ಧಕ್ಕೇ ಡಬ್ಬಿ ಸೇರಿವೆ. ನನ್ನಲ್ಲೇ ಏನೋ ಕೊರತೆ ಇದೆಯಾ?"

ಈ ಕೊನೆಯ ಮಾತು ಕಾರಿನದ್ದಲ್ಲ. ಪರೀಕ್ಷೆಗೆ ಓದುತ್ತಿರುವ ತಂಗಿ, ಹೊಸ ಕಸುಬು ಕಲಿಯುತ್ತಿರುವ ತಮ್ಮ, ಧ್ಯಾನ ಶುರು ಮಾಡಿ ಬಿಟ್ಟ ಅಮ್ಮ, ಎಲ್ಲರೂ ಒಂದಲ್ಲ ಒಂದು ದಿನ ಕೇಳಿಕೊಳ್ಳುವ ಮಾತು. ಆದ್ದರಿಂದ ನಿಧಾನವಾಗಿ ಉತ್ತರಿಸಬೇಕು.

ಗೊತ್ತಿಲ್ಲದವರಿಗೆ ಮೊದಲು ಸ್ವಲ್ಪ ಹೇಳಿಬಿಡುತ್ತೇನೆ. ಇವು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಆಟಿಕೆ ಕಾರುಗಳಲ್ಲ. ಡಬ್ಬಿ ತೆರೆದರೆ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಬಿಡಿಭಾಗಗಳಿರುತ್ತವೆ. ಕತ್ತರಿಸಿ, ಉಜ್ಜಿ, ಬಣ್ಣ ಹೊಡೆದು, ಅಂಟಿಸಿ ನಾವೇ ಕಾರು ಮಾಡಬೇಕು. ಹೆಚ್ಚು ಬಳಕೆಯಲ್ಲಿರುವ ಅಳತೆ 1/24. ಅಂದರೆ ನಿಜವಾದ ಕಾರಿನ 24 ಸೆಂ.ಮೀ. ಇಲ್ಲಿ 1 ಸೆಂ.ಮೀ. ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿ ಇದರಲ್ಲಿ ದೊಡ್ಡ ಹೆಸರು. 1946ರಲ್ಲಿ ಮರ ಕೊಯ್ಯುವ ಮಿಲ್ಲಾಗಿ ಶುರುವಾಗಿ, 1960ರಲ್ಲಿ ಮೊದಲ ಪ್ಲಾಸ್ಟಿಕ್ ಕಿಟ್ ಹೊರತಂದ ಕಂಪನಿ ಅದು. ಅವರ 1/24 ಕಿಟ್‌ಗಳಲ್ಲಿ ಮಾಜ್ದಾ 787ಬಿ ಎಂಬ ರೇಸ್ ಕಾರೂ ಒಂದು. ಕಿತ್ತಳೆ ಮತ್ತು ಹಸಿರು ಬಣ್ಣದ ಮೈ, ಮೇಲೆ 55 ಎಂಬ ಸಂಖ್ಯೆ. ಕಟ್ಟಿ ಮುಗಿಸಿದರೆ ಸುಮಾರು 20 ಸೆಂ.ಮೀ. ಉದ್ದ.

ಆ ಸಂಖ್ಯೆ, ಆ ಪ್ರಾಯೋಜಕರ ಹೆಸರುಗಳು ಎಲ್ಲವೂ ಡೆಕಾಲ್. ತೆಳುವಾದ ಪೊರೆಯ ಮೇಲೆ ಮುದ್ರಿಸಿ, ಅಂಟು ಸವರಿದ ಕಾಗದದ ಮೇಲೆ ಕೂರಿಸಿರುತ್ತಾರೆ. ಉಗುರು ಬೆಚ್ಚಗಿನ ನೀರಿನಲ್ಲಿ ಹತ್ತಿಪ್ಪತ್ತು ಸೆಕೆಂಡು ಅದ್ದಿ ಹೊರತೆಗೆದು ಒಂದು ನಿಮಿಷ ಬಿಟ್ಟರೆ ಪೊರೆ ಸಡಿಲವಾಗುತ್ತದೆ. ಅದನ್ನು ಎತ್ತಬಾರದು. ಕಾರಿನ ಮೈಗೆ ಒಂದು ಹನಿ ನೀರು ಇಟ್ಟು, ಕಾಗದವನ್ನು ಪಕ್ಕದಲ್ಲಿ ಹಿಡಿದು, ಒದ್ದೆ ಬ್ರಷ್‌ನಿಂದ ಮೆಲ್ಲಗೆ ಜಾರಿಸಬೇಕು. ಜಾಗ ಸರಿ ಹೋದ ಮೇಲೆ ನಡುವಿನಿಂದ ಅಂಚಿನ ಕಡೆಗೆ ನೀರನ್ನು ಒತ್ತಿ ತೆಗೆಯಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ರೇಸ್ ಕಾರಿಗೆ ಇಂಥವು ಹತ್ತಾರು ಇರುತ್ತವೆ. ಕೆಲವು ಅಕ್ಕಿಕಾಳಿಗಿಂತ ಚಿಕ್ಕವು.

ಹುಮ್ಮಸ್ಸು ಇಲ್ಲೇ ಯಾಕೆ ಸೋರಿಹೋಗುತ್ತದೆ? ಬಣ್ಣ ಹೊಡೆಯುವಾಗ ಪ್ರತಿ ಸಂಜೆಯೂ ಕಾರು ಬದಲಾಗುತ್ತದೆ, ಕಣ್ಣಿಗೆ ಹಬ್ಬ. ಡೆಕಾಲ್ ಹಂತದಲ್ಲಿ ಎರಡು ಗಂಟೆ ಕೂತರೂ ನಾಲ್ಕು ಹೆಸರು ಅಂಟಿರುತ್ತವೆ, ಅಷ್ಟೇ. ಅದರ ಮೇಲೆ ಭಯ. ಒಂದು ಹರಿದರೆ ಬದಲಿ ಇಲ್ಲ, ವಾರಗಟ್ಟಲೆ ಮಾಡಿದ ಬಣ್ಣದ ಮೇಲೇ ಕಲೆ. ಬೇಸರ ಮತ್ತು ಭಯ ಸೇರಿದ ಜಾಗದಲ್ಲಿ ಮನಸ್ಸು ಒಂದು ಜಾಣತನ ಮಾಡುತ್ತದೆ: "ಇದು ಇರಲಿ, ಹೊಸ ಕಿಟ್ ತರೋಣ." ಹೊಸ ಡಬ್ಬಿಯ ಮೇಲಿನ ಚಿತ್ರಕ್ಕೆ ಯಾವ ಕಲೆಯೂ ಇಲ್ಲವಲ್ಲ! ಭಗವಾನರು ತಣ್ಹಾ ಅಂದದ್ದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ವಸ್ತು ಅಪರೂಪ. ಕಟ್ಟುವ ಆಸೆ ಸತ್ತಿರುತ್ತದೆ, ಹೊಂದುವ ಆಸೆ ಮಾತ್ರ ಉಸಿರಾಡುತ್ತಿರುತ್ತದೆ. ಹೊರದೇಶದ ಕಿಟ್‌ಗಳು ಅಗ್ಗವೂ ಅಲ್ಲ. ವರಮಾನಕ್ಕೆ ತಕ್ಕ ಸಮತೋಲದ ಬದುಕಿರಲಿ ಎಂದು ಗೃಹಸ್ಥ ದೀಘಜಾಣುವಿಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ.

ಓದಿದವರು ಯಾರಾದರೂ ಆಕ್ಷೇಪ ಎತ್ತಬಹುದು: ದೀಘನಿಕಾಯದ ಬ್ರಹ್ಮಜಾಲ ಸುತ್ತದಲ್ಲಿ ಸಮಣ ಗೋತಮರು ದೂರವಿಟ್ಟ ಆಟಗಳ ಪಟ್ಟಿಯಲ್ಲಿ ಆಟದ ರಥವೂ ಇದೆಯಲ್ಲ ಎಂದು. ಇದೆ, ನಿಜ. ಅದು ಮನೆ ಬಿಟ್ಟು ಹೋದ ಭಿಕ್ಖುವಿನ ಶೀಲ. ಉಪಾಸಕ ಉಪಾಸಿಕೆಯರ ಪಂಚಶೀಲದಲ್ಲಿ ಅದಿಲ್ಲ. ನಾವು ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ಕೆಲಸ ನನ್ನನ್ನು ಪಮಾದಕ್ಕೆ ಎಳೆಯುತ್ತಿದೆಯೋ, ಎಚ್ಚರಕ್ಕೆ ತರುತ್ತಿದೆಯೋ?

ಈಗ ಸೋಣನ ಕಥೆ. ಅಂಗುತ್ತರ ನಿಕಾಯದಲ್ಲಿ ಬರುತ್ತದೆ, ನಿಮಗೆ ಗೊತ್ತಿರುವುದೇ. ಸೋಣ ಕೋಳಿವಿಸ ಸಿರಿವಂತರ ಮನೆಯ ಸುಕುಮಾರ. ಭಿಕ್ಖುವಾದ ಮೇಲೆ ರಾಜಗೃಹದ ಬಳಿಯ ಸೀತವನದಲ್ಲಿ ಅಂಗಾಲು ಒಡೆದು ರಕ್ತ ಬರುವಷ್ಟು ನಡೆದು ನಡೆದು ಧ್ಯಾನ ಮಾಡಿದ. ಫಲ ಸಿಗಲಿಲ್ಲ. ಮನೆಗೆ ಮರಳಿ ದಾನಧರ್ಮ ಮಾಡಿಕೊಂಡಿರೋಣ ಎಂದುಕೊಂಡ. ಆಗ ಭಗವಾನರು ಬಂದು, ಅವನು ಮೊದಲು ವೀಣೆ ನುಡಿಸುತ್ತಿದ್ದುದನ್ನು ನೆನಪಿಸಿ ಕೇಳಿದರು: ತಂತಿ ಅತಿಯಾಗಿ ಬಿಗಿದರೆ ನುಡಿಯುತ್ತದೆಯೇ? ಅತಿಯಾಗಿ ಸಡಿಲಿಸಿದರೆ?

ಈ ಕಥೆಯನ್ನು ಮಧ್ಯಮ ಮಾರ್ಗದ ಉದಾಹರಣೆ ಎಂದು ಹೇಳಿ ಮುಗಿಸಿಬಿಡುತ್ತೇವೆ. ಅದರೊಳಗೆ ಇನ್ನೊಂದು ಸಂಗತಿ ಇದೆ. ಬಿಟ್ಟುಹೋಗುವ ಯೋಚನೆ ಬಂದದ್ದು ಯಾರಿಗೆ? ಸೋಮಾರಿಗಲ್ಲ. ಎಲ್ಲರಿಗಿಂತ ಹೆಚ್ಚು ದುಡಿದವನಿಗೆ! ಒಂದೇ ಭಾನುವಾರ ಬೆಳಗಿನಿಂದ ರಾತ್ರಿವರೆಗೆ ಕೂತು ಎಲ್ಲ ಡೆಕಾಲ್ ಮುಗಿಸುತ್ತೇನೆ ಎಂದು ಹಟ ಹಿಡಿದವನೇ ಸೋಮವಾರ ಡಬ್ಬಿ ಮುಚ್ಚುತ್ತಾನೆ. ಕುತ್ತಿಗೆ ಹಿಡಿದು, ಕಣ್ಣು ಮಂಜಾಗಿ, ಕೊನೆಯ ನಾಲ್ಕು ಡೆಕಾಲ್ ಓರೆಯಾಗಿ ಕೂತಿರುತ್ತವೆ. ಅವನನ್ನು "ನಿನಗೆ ಛಲ ಇಲ್ಲ" ಎಂದು ಬೈಯುವುದು ಬಿಗಿದ ತಂತಿಯನ್ನು ಇನ್ನೂ ಬಿಗಿದಂತೆ.

ಹಾಗಾದರೆ ಮಾಡುವುದೇನು? ಸಂಯುತ್ತ ನಿಕಾಯದ ಬೋಜ್ಝಂಗ ಸಂಯುತ್ತದಲ್ಲಿ ಬೆಂಕಿಯ ಉಪಮೆಯಿದೆ. ಸಣ್ಣ ಕಿಡಿಯನ್ನು ಉರಿಸಬೇಕಾದವನು ಹಸಿ ಹುಲ್ಲು, ಹಸಿ ಸೌದೆ ಹಾಕಿದರೆ ಅದು ಹತ್ತಿಕೊಳ್ಳುವುದಿಲ್ಲ. ದೊಡ್ಡ ಉರಿಯನ್ನು ಆರಿಸಬೇಕಾದವನು ಒಣ ಹುಲ್ಲು ಹಾಕಿದರೆ ಆರುವುದಿಲ್ಲ. ಮನಸ್ಸು ಕುಗ್ಗಿದಾಗ ಧಮ್ಮವಿಚಯ, ವಿರಿಯ, ಪೀತಿಗಳಿಗೆ ಕಾಲ. ಮನಸ್ಸು ಕೆದರಿದಾಗ ಪಸ್ಸದ್ಧಿ, ಸಮಾಧಿ, ಉಪೇಕ್ಖೆಗಳಿಗೆ ಕಾಲ. ಸತಿ ಮಾತ್ರ ಎಲ್ಲ ಕಾಲಕ್ಕೂ ಬೇಕು. ಅಂದರೆ ಇವತ್ತು ನನ್ನ ಮನಸ್ಸು ಯಾವ ಸ್ಥಿತಿಯಲ್ಲಿದೆ ಎಂದು ಮೊದಲು ನೋಡು, ಅದಕ್ಕೆ ಹೊಂದುವ ಕೆಲಸ ಕೊಡು.

ಕೆಲಸದಿಂದ ಸೋತು ಬಂದ ಸಂಜೆ, ಮನಸ್ಸು ಜೋಲು ಬಿದ್ದಿದೆ. ಅಂದು ಡೆಕಾಲ್ ಮುಟ್ಟುವುದು ಬೇಡ. ಚಕ್ರಕ್ಕೆ ಬಣ್ಣ ಕೊಡಿ, ಸೀಟು ಅಂಟಿಸಿ. ಅರ್ಧ ಗಂಟೆಯಲ್ಲಿ ಮುಗಿದು ಕಣ್ಣಿಗೆ ಕಾಣುವ ಕೆಲಸ ಮಾಡಿ. ಅದೂ ಬೇಡವೆನಿಸಿದರೆ ನಿಜವಾದ ಕಾರಿನ ಫೋಟೊ ತೆಗೆದು ಯಾವ ಹೆಸರು ಎಲ್ಲಿ ಕೂತಿದೆ ಎಂದು ಹುಡುಕಿ. ಅದು ವಿಚಯ. ಕುತೂಹಲ ಕೆರಳಿದರೆ ಉತ್ಸಾಹ ತಾನೇ ಹಿಂದೆ ಬರುತ್ತದೆ. ಜಗಳ ಆಡಿ ಬಂದ ಸಂಜೆ, ಫೋನು ಬಿಡದ ಸಂಜೆ, ಬೇರೆ. ಅಂದು ಹೊಸ ಡಬ್ಬಿ ತೆರೆದರೆ ಉರಿಗೆ ಒಣ ಹುಲ್ಲು. ಫೋನು ಬೇರೆ ಕೋಣೆಯಲ್ಲಿಡಿ. ಫ್ಯಾನ್ ಆರಿಸಿ, ಇಲ್ಲದಿದ್ದರೆ ನೀರು ಬೇಗ ಒಣಗಿ ಡೆಕಾಲ್ ಅರ್ಧಕ್ಕೇ ಅಂಟುತ್ತದೆ. ಒಂದೇ ಒಂದು ಡೆಕಾಲ್ ಕತ್ತರಿಸಿ, ಅದ್ದಿ, ಉಸಿರು ಗಮನಿಸುತ್ತ ಕಾಯಿರಿ, ಜಾರಿಸಿ. ಒಂದು ಸಾಕು.

ಕಾಯುವ ಮಾತು ಬಂತಲ್ಲ, ಇಡೀ ಕೆಲಸದಲ್ಲಿ ನನಗೆ ಹೆಚ್ಚು ಪಾಠ ಕಾಣುವ ಜಾಗ ಇದು. ಕಾರಿನ ಮೈ ಸಪಾಟಾಗಿರುವುದಿಲ್ಲ. ಬಾಗಿಲ ಗೆರೆ, ಗಾಳಿ ಹೋಗುವ ತೂತು, ಗುಂಡನೆಯ ಅಂಚು ಇರುತ್ತವೆ. ಅಲ್ಲಿ ಡೆಕಾಲ್ ಬಗ್ಗಿ ಕೂರಲು ಪೊರೆಯನ್ನು ಮೆದುಗೊಳಿಸುವ ದ್ರಾವಣ ಸವರಬೇಕು. ಮೈಕ್ರೋ ಸಾಲ್, ಮಿಸ್ಟರ್ ಮಾರ್ಕ್ ಸಾಫ್ಟರ್ ಎಂದು ಸಿಗುತ್ತವೆ. ಸವರಿದ ಸ್ವಲ್ಪ ಹೊತ್ತಿಗೆ ಡೆಕಾಲ್ ಸುಕ್ಕುಗಟ್ಟುತ್ತದೆ. ನೋಡಿದರೆ ಎದೆ ಧಸಕ್ಕೆನ್ನಬೇಕು, ಹಾಗೆ. ಹೊಸಬರು ಗಾಬರಿಯಾಗಿ ಬೆರಳಿನಿಂದ ಒತ್ತುತ್ತಾರೆ. ಆ ಗಳಿಗೆಯಲ್ಲಿ ಪೊರೆ ಒದ್ದೆ ಕಾಗದಕ್ಕಿಂತ ಮೆದು, ಮುಟ್ಟಿದರೆ ಹರಿಯಿತು. ಮುಟ್ಟದೆ ಬಿಟ್ಟರೆ? ಒಣಗುತ್ತ ಒಣಗುತ್ತ ಸುಕ್ಕು ತಾನೇ ಬಿಚ್ಚಿಕೊಂಡು, ಬಣ್ಣದಲ್ಲೇ ಬರೆದಂತೆ ಕೂತುಬಿಡುತ್ತದೆ. ಕೆಟ್ಟುಹೋಯಿತು ಎಂದು ಕಾಣುವ ಹೊತ್ತೇ ಅದು ಸರಿಯಾಗುತ್ತಿರುವ ಹೊತ್ತು. ಅಲ್ಲಿ ಕೈ ಹಿಂದೆಗೆಯುವುದೂ ವಿರಿಯವೇ. ಏನೂ ಮಾಡದೆ ಕೂರುವುದಕ್ಕೆ ಬಹಳ ಶಕ್ತಿ ಬೇಕು. ವಿಪಸ್ಸನಾ ಶಿಬಿರಕ್ಕೆ ಹೋಗಿಬಂದವರು ತಲೆಯಾಡಿಸುತ್ತೀರಿ.

ನಾಲ್ಕು ಸಮ್ಮಪ್ಪಧಾನಗಳನ್ನೂ ಇಲ್ಲೇ ಕಾಣಬಹುದು. ಹುಟ್ಟದ ದೋಷ ಹುಟ್ಟದಂತೆ ತಡೆಯುವುದು ಮೊದಲನೆಯದು. ಮ್ಯಾಟ್ ಬಣ್ಣದ ಮೈ ಒರಟು, ಅದರ ಸಣ್ಣ ತಗ್ಗುಗಳಲ್ಲಿ ಗಾಳಿ ಸಿಕ್ಕಿ ಡೆಕಾಲಿನ ಅಂಚು ಬೆಳ್ಳಿಯಂತೆ ಮಸುಕಾಗುತ್ತದೆ. ಆದ್ದರಿಂದ ಮೊದಲೇ ಹೊಳಪಿನ ಲೇಪ ಕೊಡುತ್ತಾರೆ. ಹುಟ್ಟಿದ ದೋಷ ಕಳೆಯುವುದು ಎರಡನೆಯದು. ಗುಳ್ಳೆ ಎದ್ದರೆ ಸೂಜಿ ಮೊನೆಯಿಂದ ಚುಚ್ಚಿ ಅದೇ ದ್ರಾವಣದ ಹನಿ ಇಡುತ್ತಾರೆ. ಒಳ್ಳೆಯದನ್ನು ಹುಟ್ಟಿಸುವ ಮೂರನೆಯದಕ್ಕೆ ವಿವರಣೆ ಬೇಡ. ನಾಲ್ಕನೆಯದನ್ನೇ ನಾವೆಲ್ಲ ಮರೆಯುವುದು: ಹುಟ್ಟಿದ ಒಳ್ಳೆಯದನ್ನು ಕಾಪಾಡುವುದು. ರಾತ್ರಿಯಿಡೀ ಒಣಗಲು ಬಿಟ್ಟು, ಉಳಿದ ಅಂಟಿನ ಕಲೆಯನ್ನು ಒದ್ದೆ ಇಯರ್‌ಬಡ್‌ನಿಂದ ಒರೆಸಿ, ಮೇಲೆ ಕ್ಲಿಯರ್ ಕೋಟ್ ಕೊಡಬೇಕು. ಮೊದಲೆರಡು ಸಲ ಇಬ್ಬನಿಯಷ್ಟು ತೆಳುವಾಗಿ. ದಪ್ಪಗೆ ಸುರಿದರೆ ಡೆಕಾಲೇ ಕರಗೀತು. ಮಳೆಗಾಲದ ತೇವದಲ್ಲಿ ಲ್ಯಾಕರ್ ಹೊಡೆದರೆ ಬಿಳಿಚಿಕೊಳ್ಳುತ್ತದೆ, ಬಿಸಿಲು ಬರುವ ತನಕ ತಡೆಯಿರಿ.

ಆ ಮೂರು ಡಬ್ಬಿಗಳ ವಿಷಯಕ್ಕೂ ಒಂದು ಮಾತು. ವರ್ಷಗಟ್ಟಲೆ ಇಟ್ಟ ಡೆಕಾಲ್ ಹಳದಿಯಾಗಿದ್ದರೆ ಪ್ಲಾಸ್ಟಿಕ್ ಚೀಲದೊಳಗಿಟ್ಟು ಬಿಸಿಲು ಬೀಳುವ ಕಿಟಕಿಗೆ ಅಂಟಿಸಿ. ಕೆಲವು ದಿನಗಳಲ್ಲಿ ಹಳದಿ ಬಹುಮಟ್ಟಿಗೆ ಇಳಿಯುತ್ತದೆ. ನೀರಿಗೆ ಹಾಕಿದರೆ ಚೂರಾಗುತ್ತದೋ ಎಂದು ಮೊದಲು ಬೇಡದ ಒಂದರ ಮೇಲೆ ಪರೀಕ್ಷಿಸಿ.

"ನನ್ನಲ್ಲೇ ಕೊರತೆಯಾ" ಎಂಬ ಪ್ರಶ್ನೆಗೆ ಬರೋಣ. ಅದು ಹುಟ್ಟುವುದು ಹೆಚ್ಚಾಗಿ ಫೋನಿನಲ್ಲಿ. ಮೂವತ್ತು ವರ್ಷದಿಂದ ಕಟ್ಟುತ್ತಿರುವವರ ಕಾರು ನೋಡುತ್ತೇವೆ, ನಮ್ಮ ಎರಡನೆಯ ಕಾರನ್ನು ಪಕ್ಕಕ್ಕಿಡುತ್ತೇವೆ. ನಾನು ಮೇಲು ಎಂಬುದು ಮಾನ. ನಾನು ಸಮ ಎಂಬುದೂ ಮಾನ. ನಾನು ಕೀಳು ಎಂಬುದೂ ಮಾನವೇ ಎಂದು ಭಗವಾನರು ಹೇಳಿದ್ದಾರೆ. ಮೂರನೆಯದನ್ನು ನಾವು ವಿನಯ ಎಂದುಕೊಂಡು ಸಾಕಿಕೊಳ್ಳುತ್ತೇವೆ. ಶ್ರೇಣೀಕೃತ ಸಮಾಜ ತಲೆತಲೆಮಾರು ನಮ್ಮ ಹಿರಿಯರ ಕಿವಿಯಲ್ಲಿ ಊದಿದ್ದು ಇದನ್ನೇ: ನಿನ್ನ ಕೈಲಾಗದು. ಅರ್ಧಕ್ಕೆ ನಿಂತ ಒಂದು ಪ್ಲಾಸ್ಟಿಕ್ ಕಾರಿಗೂ ಆ ದನಿಯಲ್ಲಿ ಮಾತಾಡಲು ಅವಕಾಶ ಕೊಡಬೇಕೇ? ಓರೆಯಾಗಿ ಕೂತದ್ದು ಡೆಕಾಲ್. ನೀವಲ್ಲ.

ಇನ್ನು, ಇಂಥ ಹವ್ಯಾಸ ನಮ್ಮಂಥವರಿಗೆ ಯಾಕೆ ಎನ್ನುವ ಹಿರಿಯರಿಗೆ: ಯಂತ್ರ ಮನುಷ್ಯನಿಗೆ ಬಿಡುವು ಕೊಡಬೇಕು, ಬಿಡುವಿಲ್ಲದೆ ಸಂಸ್ಕೃತಿ ಬೆಳೆಯದು ಎಂದು ಬಾಬಾಸಾಹೇಬರು 1945ರ ಕಾಂಗ್ರೆಸ್ ಮತ್ತು ಗಾಂಧಿ ಕುರಿತ ಪುಸ್ತಕದಲ್ಲಿ ವಾದಿಸಿದ್ದಾರೆ. ಅಷ್ಟೊಂದು ಹೊಣೆ ಹೊತ್ತವರೇ ಪಿಟೀಲು ಕಲಿತರು. ಹುಟ್ಟಿನಿಂದ ಹೇರಿದ ಕಸುಬಿಗೆ ಕಟ್ಟಿದ್ದ ಕೈಗಳು ಇವತ್ತು ತಮಗೆ ಬೇಕಾದದ್ದನ್ನು, ತಮ್ಮ ಸಂತೋಷಕ್ಕೆ ಮಾಡುತ್ತಿವೆ. ನನಗೆ ಇದು ಸಣ್ಣದಾಗಿ ಕಾಣುವುದಿಲ್ಲ.

ಆ ಕಿತ್ತಳೆ ಹಸಿರು ಕಾರು 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ಓಟ ಗೆದ್ದಿತು. ಅಲ್ಲಿ ಗೆದ್ದ ಮೊದಲ ಜಪಾನಿ ಕಂಪನಿ ಮಾಜ್ದಾ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಹೋಗಿ ಹೋಗಿ ಸೋತು ಬಂದವರು ಅವರು. 24 ಗಂಟೆಯಲ್ಲಿ 362 ಸುತ್ತು. ಒಬ್ಬನೇ ಓಡಿಸಲಿಲ್ಲ. ಹರ್ಬರ್ಟ್, ವೈಡ್ಲರ್, ಗಾಶೋ ಎಂಬ ಮೂವರು ಸರದಿಯಲ್ಲಿ ಕೂತರು. ಒಬ್ಬ ಓಡಿಸುವಾಗ ಉಳಿದವರಿಗೆ ದಣಿವಾರಿಸಿಕೊಳ್ಳುವ ಹೊತ್ತು. ಕೊನೆಯ ಸರದಿ ಮುಗಿಸಿದ ಹರ್ಬರ್ಟ್ ನಿತ್ರಾಣನಾಗಿ ಕುಸಿದು, ಗೆದ್ದವರ ವೇದಿಕೆ ಏರಲಾಗಲಿಲ್ಲ.

ಆ ಸರದಿಯ ಪದ್ಧತಿಯನ್ನು ನಾವೂ ಮಾಡಿ ನೋಡೋಣ. ಈ ಭಾನುವಾರ ವಂದನೆ, ಸುತ್ತ ಪಠಣ ಮುಗಿದ ಮೇಲೆ ಒಂದು ಗಂಟೆ ಹೆಚ್ಚು ಕೂರೋಣ. ಅರ್ಧಕ್ಕೆ ನಿಂತಿರುವ ಒಂದು ಕೆಲಸ ತನ್ನಿ: ಕಾರು, ಕಸೂತಿ, ಅರ್ಜಿ, ಓದದೆ ಬಿಟ್ಟ ಪುಸ್ತಕ, ಏನಾದರೂ. ಪಕ್ಕದಲ್ಲಿ ಇನ್ನೊಬ್ಬರು ಕೆಲಸ ಮಾಡುತ್ತಿದ್ದರೆ ನಮ್ಮ ಕೈಯೂ ನಡೆಯುತ್ತದೆ. ಡೆಕಾಲ್ ತರುವ ತಮ್ಮಂದಿರು ಚಿಮಟ, ಸಣ್ಣ ಬ್ರಷ್, ಹಳೆಯ ಮೆತ್ತನೆ ಬಟ್ಟೆ ತನ್ನಿ. ಉಗುರು ಬೆಚ್ಚಗಿನ ನೀರಿಗೆ ಅಡುಗೆಮನೆ ಇದೆ.

ನಮೋ ಬುದ್ಧಾಯ, ಜೈಭೀಮ್.