ಹಿಂದಿನ ಕಾಲಕ್ಕೆ ಹೋಗುವುದಾದರೆ

ಕಳೆದುಹೋದ ಒಂದೇ ಒಂದು ದಿನಕ್ಕೆ ಮರಳಿ ಹೋಗುವ ಅವಕಾಶ ಸಿಕ್ಕರೆ ನೀವು ಯಾವ ದಿನಕ್ಕೆ ಹೋಗುತ್ತೀರಿ? ಈ ಪ್ರಶ್ನೆ ನಮ್ಮ ನಡುವೆ ಎದ್ದದ್ದು ಶಿರಾಳಕೊಪ್ಪದ ಒಂದು ಚಹಾದಂಗಡಿಯಲ್ಲಿ. ನಾವು ಐದಾರು ಮಂದಿ ಶಿಕಾರಿಪುರದ ಒಂದೇ ಬೀದಿಯಲ್ಲಿ ಬೆಳೆದವರು. ಈಗ ಕೆಲವರು ಅಲ್ಲೇ ಇದ್ದೇವೆ, ಕೆಲವರು ಸೊರಬಕ್ಕೆ ಹೋಗಿ ನೆಲೆಸಿದ್ದೇವೆ. ಹಬ್ಬ, ಮದುವೆಯ ನೆಪ ಸಿಕ್ಕಾಗ ಎರಡೂ ಊರುಗಳ ನಡುವಿನ ಶಿರಾಳಕೊಪ್ಪದಲ್ಲಿ ಸೇರುತ್ತೇವೆ. ಎಲ್ಲರಿಗೂ ವಯಸ್ಸು ನಲವತ್ತರ ಹತ್ತಿರ. ಹಿಂದಿನದನ್ನು ನೆನೆಯುವುದು ಒಂದು ಚಟವಾಗಿಬಿಡುವ ವಯಸ್ಸು ಅದು.

ಪ್ರಶ್ನೆಗೆ ಕಾರಣ ಒಂದು ಅಮೆರಿಕನ್ ಧಾರಾವಾಹಿ. ನಮ್ಮಲ್ಲೊಬ್ಬನ ಮಗ ಅದರ ಅಭಿಮಾನಿ. ಸೂಪರ್‌ಮ್ಯಾನ್ ಇನ್ನೂ ಸೂಪರ್‌ಮ್ಯಾನ್ ಆಗದೆ, ಕ್ಲಾರ್ಕ್ ಎಂಬ ಹಳ್ಳಿಯ ಹುಡುಗನಾಗಿದ್ದ ಕಾಲದ ಕಥೆ. ಹೆಸರು 'ಸ್ಮಾಲ್‌ವಿಲ್'. 2001ರಿಂದ 2011ರವರೆಗೆ ಹತ್ತು ವರ್ಷ ನಡೆಯಿತು. ಅದರ ಇನ್ನೂರನೆಯ ಕಂತು 2010ರ ಅಕ್ಟೋಬರ್‌ನಲ್ಲಿ ಬಂತು. ಅದರಲ್ಲಿ ನಾಯಕ ತಾನು ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟಕ್ಕೆ ಹೋಗುತ್ತಾನೆ. ಅಲ್ಲಿಗೆ ಭವಿಷ್ಯದಿಂದ ಬಂದವನೊಬ್ಬ ಅವನನ್ನು ಮೊದಲು ಹಿಂದಿನ ಕಾಲಕ್ಕೂ ಆಮೇಲೆ ಮುಂದಿನ ಕಾಲಕ್ಕೂ ಕರೆದೊಯ್ಯುತ್ತಾನೆ. ಹುಡುಗ ನಮಗೆ ಈ ಕಂತನ್ನು ಮೊಬೈಲಿನಲ್ಲಿ ತೋರಿಸಿದ. ತಾನು ನೋಡಿದ್ದನ್ನೇ ಮತ್ತೆ ನೋಡುತ್ತಾ, ನಮಗಿಂತ ಮೊದಲೇ ನಗುತ್ತಾ, ಮೊದಲೇ ಮುಖ ಸಪ್ಪಗೆ ಮಾಡಿಕೊಳ್ಳುತ್ತಾ.

ಈ ಕಂತು ಅರ್ಥವಾಗಬೇಕಾದರೆ ಅದೇ ಧಾರಾವಾಹಿಯ ನೂರನೆಯ ಕಂತನ್ನು ನೋಡಿರಬೇಕು ಎಂದು ಆ ಹುಡುಗನೇ ಹೇಳಿದ. 2006ರಲ್ಲಿ ಬಂದ ಆ ಕಂತಿನಲ್ಲಿ ನಾಯಕ ಪ್ರೀತಿಸಿದ ಹುಡುಗಿ ಅಪಘಾತದಲ್ಲಿ ಸಾಯುತ್ತಾಳೆ. ಅವನು ಕಾಲವನ್ನು ಒಂದು ದಿನ ಹಿಂದಕ್ಕೆ ತಿರುಗಿಸಿ ಅವಳನ್ನು ಉಳಿಸಿಕೊಳ್ಳುತ್ತಾನೆ. ಆದರೆ ಒಂದು ಜೀವ ಉಳಿದರೆ ಇನ್ನೊಂದು ಹೋಗಬೇಕು. ಅವನ ತಂದೆ ಹೋಗುತ್ತಾರೆ. 1978ರ ಸೂಪರ್‌ಮ್ಯಾನ್ ಸಿನಿಮಾದಲ್ಲಿ ನಾಯಕ ಭೂಮಿಯನ್ನು ಸುತ್ತಿ ಸುತ್ತಿ ಕಾಲವನ್ನು ಹಿಂದಕ್ಕೆ ಓಡಿಸಿದಾಗ ಯಾರಿಗೂ ಬೆಲೆ ತೆರಬೇಕಾಗಿ ಬರಲಿಲ್ಲ. ಇಲ್ಲಿ ಬಂತು. ಇನ್ನೂರನೆಯ ಕಂತಿನಲ್ಲಿ ಅವನನ್ನು ಹಿಂದಕ್ಕೆ ಕರೆದೊಯ್ಯುವುದು ತಂದೆ ತೀರಿಕೊಂಡ ಆ ಸಮಯಕ್ಕೇ. ಏನನ್ನೂ ಬದಲಿಸಲು ಅಲ್ಲ, ನೋಡಲು. ನಮಗೆ ಹಿಡಿಸಿದ್ದು ಇದು. ಬೆಟ್ಟ ಎತ್ತುವ ಶಕ್ತಿ ಇರುವವನು ಕೈಕಟ್ಟಿಕೊಂಡು ನಿಂತು ತನ್ನ ಹಿಂದಿನದನ್ನು ನೋಡಬೇಕು.

ಚರ್ಚೆ ಅಲ್ಲಿಂದ ನಮ್ಮ ಶಕ್ತಿಮಾನ್‌ಗೆ ಹೊರಳಿತು. ಹೊರಳದೆ ಇರುತ್ತದೆಯೇ? 1997ರ ಸೆಪ್ಟೆಂಬರ್‌ನಲ್ಲಿ ದೂರದರ್ಶನದಲ್ಲಿ ಶುರುವಾಗಿ 2005ರವರೆಗೆ ನಡೆದ ಧಾರಾವಾಹಿ. ಮುಕೇಶ್ ಖನ್ನಾ ನಾಯಕ. ಹಲ್ಲುಬ್ಬಿನ, ದಪ್ಪ ಕನ್ನಡಕದ ಪೆದ್ದ ಗಂಗಾಧರ ಗಿರಗಿರ ತಿರುಗಿದರೆ ಶಕ್ತಿಮಾನ್. ಎದುರಿಗೆ ಕತ್ತಲೆಯ ದೊರೆ ಕಿಲ್ವಿಶ್. ನಮ್ಮ ಬೀದಿಯಲ್ಲಿ ಆಗ ಬಣ್ಣದ ಟಿವಿ ಇದ್ದದ್ದು ಒಂದು ಮನೆಯಲ್ಲಿ. ಭಾನುವಾರ ಮಧ್ಯಾಹ್ನ ಆಗುವಷ್ಟರಲ್ಲಿ ಆ ಮನೆಯ ಪಡಸಾಲೆ ತುಂಬಿರುತ್ತಿತ್ತು. ಒಬ್ಬ ಹಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು, ಇನ್ನೊಬ್ಬ ಬಾಗಿಲಲ್ಲಿ ನಿಂತು 'ಬಂತು, ಬಂತು, ಹೋಯ್ತು' ಎಂದು ಕೂಗಬೇಕು. ಹಿಂದಿ ಎಲ್ಲರಿಗೂ ಬರುತ್ತಿರಲಿಲ್ಲ. ಉರ್ದು ಮನೆಮಾತಿನ ನಾವು ಮೂವರು ಉಳಿದವರಿಗೆ ಕನ್ನಡದಲ್ಲಿ ಹೇಳುತ್ತಿದ್ದೆವು. ಸ್ವಲ್ಪ ಸೇರಿಸಿಯೂ ಹೇಳುತ್ತಿದ್ದೆವು ಎಂದು ಈಗ ಒಪ್ಪಿಕೊಳ್ಳಬಹುದು. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ನಂಬಿ ಮಕ್ಕಳು ಅಪಾಯ ಮಾಡಿಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಾಗ ನಮ್ಮ ಮನೆಗಳಲ್ಲೂ ಬೈಗುಳ ಬಿತ್ತು. ಹಾಗೆಂದು ಯಾರೂ ನೋಡುವುದನ್ನು ಬಿಡಲಿಲ್ಲ.

2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್‌ನಲ್ಲಿ ದೇಶವೆಲ್ಲ ಮನೆಯೊಳಗೆ ಕುಳಿತಿದ್ದಾಗ, ದೂರದರ್ಶನ ಶಕ್ತಿಮಾನ್ ಅನ್ನು ಮರುಪ್ರಸಾರ ಮಾಡಿತು. ನಾವು ನಮ್ಮ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆವು. ಮಕ್ಕಳು ನಕ್ಕರು. ಹಾರುವ ದೃಶ್ಯಗಳು ಅಷ್ಟು ಪೇಲವವಾಗಿದ್ದವೆಂದು ನಮಗೂ ಆಗಲೇ ತಿಳಿದದ್ದು. ಆದರೂ ಕಣ್ಣು ತುಂಬಿತು. ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಒಂದೇ ಮಾತು: 'ಆವಾಗ ನಾವೆಲ್ಲ ಒಟ್ಟಿಗೆ ಇದ್ದೆವು.' ಅದೇ ದಿನಗಳಲ್ಲಿ ಬೇರೆ ವಾಹಿನಿಗಳಲ್ಲಿ ರೋಗಕ್ಕೂ ಧರ್ಮ ಹುಡುಕುವ ಚರ್ಚೆ ನಡೆಯುತ್ತಿತ್ತು. ಹಾಗಾಗಿ ಒಟ್ಟಿಗಿದ್ದ ಕಾಲದ ನೆನಪು ನಮಗೆ ಬರೀ ಸವಿಯಾಗಿರಲಿಲ್ಲ, ಆಸರೆಯೂ ಆಗಿತ್ತು.

ಶಿರಾಳಕೊಪ್ಪದಲ್ಲಿ ಆ ದಿನ ಇದನ್ನೇ ಮತ್ತೆ ಹೇಳಿಕೊಂಡು, ಹಿಂದಕ್ಕೆ ಹೋಗುವುದಾದರೆ ಅಂಥ ಒಂದು ಭಾನುವಾರಕ್ಕೇ ಹೋಗಬೇಕು ಎಂದು ಎಲ್ಲರೂ ಒಪ್ಪಿದೆವು. ಒಬ್ಬನನ್ನು ಬಿಟ್ಟು.

'ನೀವೆಲ್ಲ ಒಳಗೆ ಕೂತಿದ್ರಿ ಮಾರಾಯ' ಎಂದ ಅವನು. 'ನಾನು ಕಿಟಕಿಯಲ್ಲಿ ನಿಂತಿದ್ದೆ. ನಂಗೆ ಟಿವಿ ಅರ್ಧನೇ ಕಾಣ್ತಿತ್ತು.'

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾಕ್ಕೆ ಸಕ್ಕರೆ ಕಡಿಮೆ ಎನ್ನುವಷ್ಟೇ ಸಹಜವಾಗಿ ಹೇಳಿದ. ಅವನು ಏಕೆ ಒಳಗೆ ಬರುತ್ತಿರಲಿಲ್ಲ ಎಂಬುದನ್ನು ನಮ್ಮ ಕಡೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನ ಕೇರಿಯ ಯಾರೂ ಆ ಹೊಸ್ತಿಲು ದಾಟುತ್ತಿರಲಿಲ್ಲ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದ ನೆನಪು ನಮಗಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ ಎಂಬುದು ಇನ್ನೂ ಕೆಟ್ಟದ್ದು. ಬೇರೆ ಬೇರೆ ಧರ್ಮದ ನಾವು ಆ ಪಡಸಾಲೆಯಲ್ಲಿ ಭುಜಕ್ಕೆ ಭುಜ ತಾಗಿಸಿ ಕುಳಿತಿದ್ದೆವು ಎಂಬ ಹೆಮ್ಮೆ ಇಪ್ಪತ್ತೈದು ವರ್ಷ ನಮ್ಮ ಜೊತೆಗಿತ್ತು. ಕಿಟಕಿ ನಮ್ಮ ಬೆನ್ನ ಹಿಂದೆ ಇತ್ತು.

ನೆನಪು ಸುಳ್ಳು ಹೇಳುತ್ತದೆಯೇ? ನಾವು ಹೇಳಿಕೊಂಡದ್ದರಲ್ಲಿ ಸುಳ್ಳಿನದೊಂದು ಎಳೆಯೂ ಇರಲಿಲ್ಲ. ಆಂಟೆನಾ ನಿಜ, ಕೂಗು ನಿಜ, ಒಟ್ಟಿಗಿದ್ದದ್ದೂ ನಿಜ. ಆದರೆ ಕತ್ತರಿ ಆಡಿತ್ತು. ಒಂದು ಕಂತನ್ನು ಸಂಕಲನ ಮಾಡುವವರು ಬೇಡದ ದೃಶ್ಯವನ್ನು ತೆಗೆದುಹಾಕುವಂತೆ ನಾವು ಕಿಟಕಿಯನ್ನು ತೆಗೆದುಹಾಕಿದ್ದೆವು. ಕಾಲವನ್ನು ಬದಲಿಸಲು ಯಂತ್ರ ಬೇಕಾಗಿಲ್ಲ. ಹಳೆಯದನ್ನು ಪ್ರೀತಿಯಿಂದ ನೆನೆಯುವ ಪ್ರತಿಯೊಬ್ಬರೂ ಅದನ್ನು ಕೊಂಚ ಬದಲಿಸಿಯೇ ಹಿಂದಿರುಗುತ್ತಾರೆ. ಬೆಲೆಯನ್ನು ಇನ್ಯಾರೋ ತೆರುತ್ತಾರೆ.

ಚಹಾ ಮುಗಿಸಿ, ಯಾವಾಗಲೂ ಮಾಡುವಂತೆ, ಹತ್ತಿರದ ತಾಳಗುಂದಕ್ಕೆ ಹೋದೆವು. ಪ್ರಣವೇಶ್ವರ ದೇವಾಲಯದ ಮುಂದಿನ ಕಂಬವನ್ನು ನೋಡಿದವರಿಗೆ ಅದರ ಕಥೆ ಗೊತ್ತು. ಇದೇ ಊರಿನ ಮಯೂರಶರ್ಮ ತನ್ನ ಗುರು ವೀರಶರ್ಮನೊಂದಿಗೆ ಓದಲು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಅವಮಾನಗೊಂಡ. ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯ ಕಟ್ಟಿದ. ಇದು ನಾಲ್ಕನೆಯ ಶತಮಾನದ ಸಂಗತಿ. ಸುಮಾರು ನೂರು ವರ್ಷ ಕಳೆದ ಮೇಲೆ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ಕಾವ್ಯವಾಗಿಸಿ ತಾನೇ ಕಲ್ಲಿನ ಮೇಲೆ ಬರೆದ. ಒಬ್ಬ ವಿದ್ಯಾರ್ಥಿಗೆ ಆದ ಅವಮಾನ ಹದಿನೈದು ನೂರು ವರ್ಷಗಳಿಂದ ಬಿಸಿಲು ಮಳೆಯಲ್ಲಿ ನಿಂತಿದೆ. ಏಕೆಂದರೆ ಅವನು ರಾಜನಾದ. ರಾಜರಾಗದವರ ಅವಮಾನಕ್ಕೆ ಕಂಬ ಎಲ್ಲಿದೆ?

ಸೊರಬ ತಾಲ್ಲೂಕಿನ ಉದ್ರಿಯ ಕಡೆ ಹೋದರೆ ವೀರಗಲ್ಲುಗಳು ಸಿಗುತ್ತವೆ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವ ವೀರ, ಮೇಲೆ ಶಿವನ ಸನ್ನಿಧಿ. ನಮ್ಮ ನೆಲದ ಸೂಪರ್‌ಹೀರೊಗಳು ಇವರೇ. ಇವರ ಕಥೆಯಲ್ಲಿ ಕಾಲ ಮೇಲಕ್ಕೆ ಮಾತ್ರ ಹೋಗುತ್ತದೆ, ಮರಳಿ ಬರುವುದಿಲ್ಲ. ಊರಿನ ದನ ಉಳಿಸಲು ಸತ್ತವನಿಗೆ ಕಲ್ಲು ನಿಲ್ಲಿಸಿದರು, ಒಳ್ಳೆಯದೇ. ಆ ಕಲ್ಲನ್ನು ಹೊತ್ತು ತಂದವರನ್ನು ಮಾತ್ರ ಅದರಲ್ಲಿ ಕೆತ್ತಿಲ್ಲ.

ಕಾಲ ದಾಟುವ ಕಥೆಗಳನ್ನು ಅಮೆರಿಕದಿಂದ ತರಬೇಕಾಗಿಲ್ಲ. ಭಾಗವತದ ಕಕುದ್ಮಿ ರಾಜ ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಒಂದು ಸಂಗೀತ ಮುಗಿಯುವವರೆಗೆ ಕಾದು ಮರಳುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಕಳೆದಿದ್ದವು. ಕುರ್‌ಆನಿನ ಗುಹೆಯ ಗೆಳೆಯರು ಮುನ್ನೂರಕ್ಕೂ ಹೆಚ್ಚು ವರ್ಷ ಮಲಗಿ ಎದ್ದು, ಒಂದು ದಿನವೋ ಅರ್ಧ ದಿನವೋ ಮಲಗಿದ್ದೆವು ಎಂದುಕೊಂಡರು. ಹಸಿವಾಗಿ ಒಬ್ಬನನ್ನು ಬೆಳ್ಳಿ ನಾಣ್ಯ ಕೊಟ್ಟು ಪೇಟೆಗೆ ಕಳುಹಿಸಿದರು. ಆ ನಾಣ್ಯದಿಂದಲೇ ಗುಟ್ಟು ರಟ್ಟಾಯಿತು ಎಂದು ಹಿರಿಯರು ಕಥೆ ಹೇಳುವಾಗ ನಾವು ಕೇಳಿದ್ದೇವೆ. ತಮ್ಮ ಕೈಯಲ್ಲಿದ್ದದ್ದು ಚಲಾವಣೆಯ ಹಣವೆಂದೇ ಅವರು ನಂಬಿದ್ದರು. ಅಂಗಡಿಯವನು ಅದನ್ನು ತಿರುಗಿಸಿ ನೋಡಿದಾಗ ತಾವು ಯಾವ ಕಾಲದವರೆಂದು ಗೊತ್ತಾಯಿತು. ನಮ್ಮ 'ಎಲ್ಲರೂ ಒಟ್ಟಿಗಿದ್ದೆವು' ಎಂಬ ನಾಣ್ಯವನ್ನು ಗೆಳೆಯ ಅಂದು ಹಾಗೆಯೇ ತಿರುಗಿಸಿ ನೋಡಿದ್ದ.

ಹಾಗಾದರೆ ಆ ಭಾನುವಾರವನ್ನು ಪ್ರೀತಿಸುವುದನ್ನು ಬಿಡಬೇಕೇ? ನಮಗೆ ಹಾಗೆ ಅನ್ನಿಸುವುದಿಲ್ಲ. ಪ್ರೀತಿಸುವವರಿಗೇ ಅದನ್ನು ಪೂರ್ತಿ ನೋಡುವ ಹೊಣೆ ಹೆಚ್ಚು. ಹತ್ತು ವರ್ಷದ ಮಕ್ಕಳು ನಾವು, ನಮ್ಮದೇನು ತಪ್ಪು ಎಂದು ನಮ್ಮಲ್ಲೊಬ್ಬ ದಾರಿಯಲ್ಲಿ ಹೇಳಿದ. ಅದೂ ನಿಜವೇ. ಹತ್ತು ವರ್ಷದವನ ಮೇಲೆ ಹೊರಿಸಲಾಗದ ತಪ್ಪು ಇದ್ದೀತು. ಆದರೆ ನಲವತ್ತು ವರ್ಷದವನು ಬೆನ್ನು ತಿರುಗಿಸಿಕೊಂಡೇ ಕುಳಿತರೆ ಅದು ಹತ್ತು ವರ್ಷದವನ ಲೆಕ್ಕಕ್ಕೆ ಹೋಗುವುದಿಲ್ಲ.

ತಾಳಗುಂದದಿಂದ ಮರಳುವಾಗ ನಾವು ಅವನಲ್ಲಿ ಕ್ಷಮೆ ಕೇಳಿದೆವು. ಸ್ವಲ್ಪ ನಾಟಕೀಯವಾಗಿಯೇ ಕೇಳಿದೆವು ಎಂದು ಕಾಣುತ್ತದೆ. ಅವನಿಗೆ ಕಿರಿಕಿರಿಯಾಯಿತು. 'ಈಗ ಕೇಳಿದ್ರೆ ಏನು ಬಂತು?' ಎಂದ. ಸ್ವಲ್ಪ ದೂರ ಮಾತಿಲ್ಲದೆ ಬಂದೆವು. ಆಮೇಲೆ ಅವನೇ ಬಾಯಿಬಿಟ್ಟ. ಸೋಮವಾರ ಶಾಲೆಗೆ ಹೋಗುವ ದಾರಿಯಲ್ಲಿ ನಮ್ಮಲ್ಲೊಬ್ಬ ಅವನಿಗೆ ಕಾಣದ ಉಳಿದರ್ಧ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದನಂತೆ. ಕೈ ಎತ್ತಿ, ಗಿರಗಿರ ತಿರುಗಿ, ಚೀಲ ಬಿದ್ದುಹೋಗುವವರೆಗೆ.

ನಮಗೆ ಯಾರಿಗೂ ಅದು ನೆನಪಿಲ್ಲ. ಉರ್ದು ಬಲ್ಲ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರು ಎಂದು ಕೇಳಿದೆವು. ಅವನು ಹೇಳಲಿಲ್ಲ.